ಪಟ್ಟಿನಾಯಿಯನ್ನು ಬೀದಿನಾಯಿ ಮಾಡುವವರು ನಾವೇ

ಹೋದ ವಾರ ತರಗತಿಯಲ್ಲಿ ಸಾಕುಪ್ರಾಣಿ ಬಗ್ಗೆ ಪ್ರಬಂಧ ಬರೆಸಿದೆವು. ಕುರಿ ಸಾಕುವ ಮನೆಯ ಹುಡುಗನೊಬ್ಬ "ನಮ್ಮ ನಾಯಿ ಮನೆಯಲ್ಲಿ ಮಲಗುವುದಿಲ್ಲ, ಕುರಿಗಳ ಜೊತೆ ಮಲಗುತ್ತದೆ" ಎಂದು ಬರೆದಿದ್ದ. ಯಾವ ಜಾತಿಯದೋ ಎಂದು ಕೇಳಿದೆವು. "ಜಾತಿ ಇಲ್ಲ ಸಾರ್, ಪಟ್ಟಿನಾಯಿ" ಎಂದ! ತಮಿಳಲ್ಲಿ ಕುರಿರೊಪ್ಪಕ್ಕೆ ಪಟ್ಟಿ ಎನ್ನುತ್ತಾರೆ. ಅದನ್ನು ಕಾಯುವುದು ಪಟ್ಟಿನಾಯಿ.

ಸೇಲಂ, ಧರ್ಮಪುರಿ ಕಡೆಯ ಮೇಚೇರಿ ಕುರಿಗೆ ಹೆಸರಿದೆ. ಪೊಟ್ಟನೇರಿಯಲ್ಲಿ ಅದಕ್ಕೊಂದು ಸಂಶೋಧನಾ ಕೇಂದ್ರವೂ ಇದೆ. ನಾಯಿಗಳಲ್ಲಿ ರಾಜಪಾಳಯಂ ಮತ್ತು ನಮ್ಮ ಮುಧೋಳ 2005ರಲ್ಲಿ ಅಂಚೆಚೀಟಿಯ ಮೇಲೆ ಬಂದವು. ಆದರೆ ರಾತ್ರಿಯಿಡೀ ಆ ಮೇಚೇರಿ ಕುರಿಯನ್ನು ಕಾಯುವ ನಾಯಿಗೆ ಯಾವ ಹೆಸರೂ ಇಲ್ಲ.

ಹಿಂದಿನವರು ಹಾಗಿರಲಿಲ್ಲ. ಪಕ್ಕದ ತಿರುವಣ್ಣಾಮಲೈ ಜಿಲ್ಲೆಯ ಎಡುತ್ತನೂರಿನಲ್ಲಿ ಪಲ್ಲವರ ಮಹೇಂದ್ರವರ್ಮನ ಕಾಲದ, ಅಂದರೆ 7ನೇ ಶತಮಾನದ ವೀರಗಲ್ಲಿದೆ. ಅದರಲ್ಲಿ ಮಡಿದ ವೀರನ ಪಕ್ಕದಲ್ಲೇ ಅವನ ನಾಯಿಯೂ ಇದೆ. ಹೆಸರು ಕೋವಿವನ್. ಅದು ಇಬ್ಬರು ಕಳ್ಳರನ್ನು ಕಚ್ಚಿ ಕಾವಲು ನಿಂತಿತು ಎಂದು ಕಲ್ಲಿನ ಮೇಲೆ ಬರೆಸಿದ್ದಾರೆ. ಮಂಡ್ಯ ಜಿಲ್ಲೆಯ ಆತಕೂರಿನ ಕಾಳಿ ನಮಗೆಲ್ಲ ಗೊತ್ತು. ಕಾಳಿ ಹಂದಿಯ ಜೊತೆ ಕಾದಾಡಿ ಸತ್ತದ್ದು. ಕೋವಿವನ್ ಕಾವಲು ಕಾದದ್ದು. ನಮ್ಮ ಪಟ್ಟಿನಾಯಿ ಈ ಕೋವಿವನ್ ವಂಶವೇ ಸರಿ.

ಈಗ ನಾವು ಮಾಡುತ್ತಿರುವುದೇನು? ಗಂಡುಮರಿಯನ್ನು ಇಟ್ಟುಕೊಂಡು ಹೆಣ್ಣುಮರಿಗಳನ್ನು ಸಂತೆಮಾಳದ ಹತ್ತಿರ ಬಿಟ್ಟು ಬರುತ್ತೇವೆ. ಕೋಳಿ ಅಂಗಡಿಯ ಕಸ ತಿಂದು ಬೆಳೆದ ಆ ಮರಿಗಳು ಗುಂಪು ಕಟ್ಟಿಕೊಂಡು ನಮ್ಮ ರೊಪ್ಪಕ್ಕೇ ನುಗ್ಗುತ್ತವೆ. ಈರೋಡು, ತಿರುಪ್ಪೂರು ಕಡೆ ಬೀದಿನಾಯಿಗಳು ಕುರಿ ಕೊಂದವೆಂದು 2024-25ರಲ್ಲಿ ರೈತರು ಪರಿಹಾರಕ್ಕಾಗಿ ಬೀದಿಗಿಳಿದರು. ಅವರ ಕಷ್ಟ ನಿಜ. ಆದರೆ ಬೀದಿನಾಯಿ ಆಕಾಶದಿಂದ ಉದುರಿದ್ದಲ್ಲವಲ್ಲ...

ಕಾವಲು ನಾಯಿ ಸಾಕುವುದು ದೊಡ್ಡ ಖರ್ಚಿನ ಕೆಲಸವೇನಲ್ಲ. ಮರಿ ಎರಡು ತಿಂಗಳದ್ದಾದಾಗಲೇ ಅದನ್ನು ಕುರಿಮರಿಗಳ ನಡುವೆ ಬಿಡಬೇಕು. ಆಗ ಅದಕ್ಕೆ ಮಂದೆಯೇ ಮನೆಯಾಗುತ್ತದೆ. ಆಟಕ್ಕೆ ಮರಿಯ ಕಿವಿ ಕಚ್ಚಿದರೆ ಆಗಲೇ ಗದರಬೇಕು. ಮುದ್ದೆ, ಮಜ್ಜಿಗೆ ಹೊತ್ತಿಗೆ ಸರಿಯಾಗಿ ರೊಪ್ಪದ ಹತ್ತಿರವೇ ಹಾಕಬೇಕು. ಹಸಿದ ನಾಯಿ ಕಾವಲು ಬಿಟ್ಟು ಊರು ಸುತ್ತುತ್ತದೆ.

ಸತ್ತ ಕುರಿಯ ತಲೆ, ಕರುಳು, ಈಲಿಯನ್ನು ಹಸಿಯಾಗಿ ನಾಯಿಗೆ ಎಸೆಯಲೇಬಾರದು. ಅದರಿಂದ ನಾಯಿಯ ಹೊಟ್ಟೆಗೆ ಲಾಡಿಹುಳು ಸೇರುತ್ತದೆ. ಹುಳುವಿನ ಮೊಟ್ಟೆ ನಾಯಿಯ ಮಲದಿಂದ ಮೇವಿಗೆ ಬಂದು, ಕುರಿಯ ಮೆದುಳಿನಲ್ಲಿ ನೀರುಗುಳ್ಳೆಯಾಗುತ್ತದೆ. ಕುರಿ ತಲೆ ವಾಲಿಸಿಕೊಂಡು ಗಿರಗಿರನೆ ತಿರುಗಿದರೆ ದೇವರ ಕಾಟ ಎಂದು ಹರಕೆ ಹೊರುತ್ತೇವೆ! ಇಂಥದ್ದೇ ಇನ್ನೊಂದು ಹುಳುವಿನಿಂದ ಮನುಷ್ಯರ ಈಲಿಯಲ್ಲೂ ಗುಳ್ಳೆ ಏಳುತ್ತದೆ. ಅದಕ್ಕೇ ಮೂರು ತಿಂಗಳಿಗೊಮ್ಮೆ ನಾಯಿಗೆ ಜಂತುಹುಳುವಿನ ಮಾತ್ರೆ ಕೊಡಬೇಕು.

ಹುಚ್ಚುನಾಯಿ ರೋಗದ ಸೂಜಿಯಂತೂ ವರ್ಷಕ್ಕೊಮ್ಮೆ ಬೇಕೇ ಬೇಕು. ಆ ರೋಗ ಕಾಣಿಸಿಕೊಂಡ ಮೇಲೆ ಮನುಷ್ಯರೂ ಬದುಕುವುದಿಲ್ಲ ಎನ್ನಬಹುದು. ನಾಯಿಯ ಜೊತೆ ಆಡುವುದು ನಮ್ಮ ಮಕ್ಕಳೇ ಅಲ್ಲವೇ? ಮರಿ ಬೇಡದಿದ್ದರೆ ನಾಯಿಗೆ ಸಂತಾನಹರಣ ಚಿಕಿತ್ಸೆ ಮಾಡಿಸೋಣ, ಸಂತೆಗೆ ಒಯ್ಯುವುದು ಬೇಡ.

ಇಷ್ಟೆಲ್ಲ ಹೇಳಿದ ಮೇಲೆ ಹುಡುಗನನ್ನು ಕೇಳಿದೆವು, "ನಿಮ್ಮ ನಾಯಿಗೆ ಸೂಜಿ ಹಾಕಿಸಿದ್ದೀರೇನೋ?" ತಲೆ ತಗ್ಗಿಸಿದ. ಅವನ ಅಪ್ಪನಿಗೆ ನಾಲ್ಕು ಸಾಲು ಬರೆದು ಕೊಟ್ಟು ಕಳಿಸಿದ್ದೇವೆ. ಈ ಕಡೆ ಕುರಿ ಸಾಕುವ ಬಂಧುಗಳೇ, ನಿಮಗೂ ಅದೇ ಕಾಗದ ಇದು.