ಎಂ-3ಕ್ಕೆ ಮೊದಲು ಆರು ವಾರ ಕೊಡಿ: ವಿಟಿಯು ಕುಲಪತಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕುಲಪತಿಗಳೇ,

ಡಿಪ್ಲೊಮಾ ಮುಗಿಸಿ, ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು, ಲ್ಯಾಟರಲ್ ಎಂಟ್ರಿಯಲ್ಲಿ ಬಿ.ಇ. ಎರಡನೇ ವರ್ಷಕ್ಕೆ ನೇರವಾಗಿ ಬಂದು ಸೇರುವ ವಿದ್ಯಾರ್ಥಿಗಳ ಗಣಿತದ ಬಗ್ಗೆ ತಮ್ಮ ಗಮನ ಸೆಳೆಯಲು ಈ ಪತ್ರ. ಪೀಣ್ಯದ ಮಷಿನ್ ಶಾಪ್‌ಗಳಲ್ಲಿ ಸಿಎನ್‌ಸಿ ನೋಡಿಕೊಳ್ಳುವವರು, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಬೋರ್ಡು ಪರೀಕ್ಷಿಸುವವರು, ವೈಟ್‌ಫೀಲ್ಡ್ ಸುತ್ತಲಿನ ಕಾರ್ಖಾನೆಗಳ ಕ್ವಾಲಿಟಿ ವಿಭಾಗದವರು, ಇವರಲ್ಲಿ ಎಷ್ಟೋ ಮಂದಿ ಡಿಪ್ಲೊಮಾ ಓದಿದವರು. ಬೇಗ ಸಂಬಳ ಕೈಗೆ ಬರಲಿ ಎಂದು ಪಿಯುಸಿ ಬಿಟ್ಟು ಪಾಲಿಟೆಕ್ನಿಕ್ ಹಿಡಿದ ಮಕ್ಕಳಿಗೆ ಮುಂದೆ ಪದವಿಯ ದಾರಿ ಎಂದರೆ ಲ್ಯಾಟರಲ್ ಎಂಟ್ರಿ. ಆ ದಾರಿಯನ್ನು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ತೆರೆದಿಟ್ಟಿದೆ, ಅದಕ್ಕೆ ಕೃತಜ್ಞತೆ ಸಲ್ಲಬೇಕು. ನನ್ನ ತಕರಾರು ಕ್ಯಾಲ್ಕುಲಸ್ ಕಲಿಸುವುದರ ಬಗ್ಗೆ ಅಲ್ಲ, ಕಲಿಸುವ ಹೊತ್ತಿನ ಬಗ್ಗೆ. ಮೂರನೇ ಸೆಮಿಸ್ಟರಿಗೆ ಮೊದಲೇ ಗಟ್ಟಿಯಾಗಬೇಕಾದದ್ದನ್ನು ನಾವು ಮೂರನೇ ಸೆಮಿಸ್ಟರಿನಲ್ಲೇ ಶುರು ಮಾಡುತ್ತ ಬಂದಿದ್ದೇವೆ.

ತೊಡಕು ಸ್ಪಷ್ಟವಾಗಿ ಕಾಣಲು ವಿಟಿಯು ಪಠ್ಯಕ್ರಮದ 2018ರ ಸ್ಕೀಮನ್ನೇ ತೆಗೆದುಕೊಳ್ಳೋಣ. ಪಿಯುಸಿಯಿಂದ ಬಂದ ವಿದ್ಯಾರ್ಥಿ ಎರಡು ವರ್ಷ ಪಿಯು ಗಣಿತ ಓದಿರುತ್ತಾನೆ. ಅದರ ಮೇಲೆ ಬಿ.ಇ. ಮೊದಲ ವರ್ಷದಲ್ಲಿ ಇನ್ನೆರಡು ಪತ್ರಿಕೆ: ಮೊದಲ ಸೆಮಿಸ್ಟರಿನಲ್ಲಿ ಕ್ಯಾಲ್ಕುಲಸ್ ಮತ್ತು ಲೀನಿಯರ್ ಆಲ್ಜೀಬ್ರ, ಎರಡನೆಯದರಲ್ಲಿ ಅಡ್ವಾನ್ಸ್ಡ್ ಕ್ಯಾಲ್ಕುಲಸ್ ಮತ್ತು ನ್ಯೂಮರಿಕಲ್ ಮೆಥಡ್ಸ್. ಇಷ್ಟಾದ ಮೇಲೆ ಅವನು ಮೂರನೇ ಸೆಮಿಸ್ಟರಿನ ಗಣಿತ ಪತ್ರಿಕೆಯಾದ ಎಂ-3ಕ್ಕೆ ಕೂರುತ್ತಾನೆ. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿರುವ ಡಿಪ್ಲೊಮಾ ವಿದ್ಯಾರ್ಥಿ ಪಾಲಿಟೆಕ್ನಿಕ್ಕಿನ ಮೊದಲ ವರ್ಷದಲ್ಲಿ ಎರಡು ಸೆಮಿಸ್ಟರ್ ಗಣಿತ ಓದಿ, ಮುಂದಿನ ಎರಡು ವರ್ಷ ಗಣಿತದ ಪತ್ರಿಕೆಯನ್ನೇ ಕಾಣದೆ ಬಂದವನು. ಅವನಿಗೂ ಅದೇ ಎಂ-3: ಲ್ಯಾಪ್ಲಾಸ್, ಫೋರಿಯರ್, ನ್ಯೂಮರಿಕಲ್ ವಿಧಾನಗಳು. ಅದರ ಜೊತೆಯಲ್ಲೇ ಅಡಿಷನಲ್ ಮ್ಯಾಥಮ್ಯಾಟಿಕ್ಸ್-1. ಡಿಫರೆನ್ಷಿಯಲ್ ಕ್ಯಾಲ್ಕುಲಸ್, ಇಂಟಿಗ್ರಲ್ ಕ್ಯಾಲ್ಕುಲಸ್, ಡಿಫರೆನ್ಷಿಯಲ್ ಈಕ್ವೇಷನ್ ಇದ್ದದ್ದು ಈ ಎರಡನೆಯ ಪತ್ರಿಕೆಯಲ್ಲಿ. ಅಂದರೆ ತಳಪಾಯಕ್ಕೂ ಮೊದಲ ಅಂತಸ್ತಿಗೂ ಒಂದೇ ದಿನ ಕೆಲಸ ಶುರು.

ಇದರ ಕಷ್ಟವನ್ನು ಒಂದು ಲೆಕ್ಕದಲ್ಲೇ ನೋಡಬಹುದು. ಮೈನಸ್ ಪೈನಿಂದ ಪೈವರೆಗೆ ಎಫ್ ಆಫ್ ಎಕ್ಸ್ ಎಂದರೆ ಎಕ್ಸ್. ಅದರ ಫೋರಿಯರ್ ಸರಣಿ ಬರೆಯಿರಿ ಎಂಬ ಸಾದಾ ಪ್ರಶ್ನೆ. ಬಿ-ಎನ್ ಕಂಡುಹಿಡಿಯಲು ಎಕ್ಸ್ ಇಂಟು ಸೈನ್ ಎನ್‌ಎಕ್ಸ್ ಅನ್ನು ಸೊನ್ನೆಯಿಂದ ಪೈವರೆಗೆ ಇಂಟಿಗ್ರೇಟ್ ಮಾಡಬೇಕು. ಬೈ ಪಾರ್ಟ್ಸ್ ರೂಢಿಯಾದವನಿಗೆ ಇದು ಎರಡು ಸಾಲಿನ ಕೆಲಸ. ಸೈನ್ ಎನ್‌ಪೈ ಸೊನ್ನೆ, ಕಾಸ್ ಎನ್‌ಪೈ ಮೈನಸ್ ಒಂದರ ಎನ್ ಘಾತ, ಅಲ್ಲಿಗೆ ಉತ್ತರ ಬಂತು. ರೂಢಿ ತಪ್ಪಿದವನು ಮೊದಲ ಸಾಲಿನಲ್ಲೇ ಮೈನಸ್ ಚಿಹ್ನೆ ಬಿಡುತ್ತಾನೆ, ಎನ್‌ನಿಂದ ಭಾಗಿಸುವುದನ್ನು ಮರೆಯುತ್ತಾನೆ, ಕಾಸ್ ಎನ್‌ಪೈ ಎಲ್ಲಿಂದ ಬಂತೆಂದು ತಿಳಿಯದೆ ಬೋರ್ಡಿನಲ್ಲಿದ್ದದ್ದನ್ನು ಬರೆದುಕೊಳ್ಳುತ್ತಾನೆ. ಫೋರಿಯರ್ ಸರಣಿಯ ನಿಜವಾದ ವಿಚಾರ, ಯಾವುದೇ ಆವರ್ತ ತರಂಗವನ್ನು ಸೈನ್-ಕೊಸೈನ್‌ಗಳಾಗಿ ಬಿಡಿಸಬಹುದು ಎಂಬುದು, ಅವನವರೆಗೆ ತಲುಪುವುದೇ ಇಲ್ಲ. ಮೋಟಾರಿನ ಕಂಪನವನ್ನೋ ಪವರ್ ಸಪ್ಲೈನ ಹಾರ್ಮೋನಿಕ್ಸನ್ನೋ ಕಣ್ಣಾರೆ ಕಂಡ ಡಿಪ್ಲೊಮಾದವನಿಗೆ ಆ ವಿಚಾರ ಉಳಿದವರಿಗಿಂತ ಬೇಗ ಹತ್ತಬೇಕಿತ್ತು. ಅದೇ ನನಗೆ ಹೆಚ್ಚು ಬೇಸರದ ಸಂಗತಿ.

ಅಡಿಷನಲ್ ಮ್ಯಾಥಮ್ಯಾಟಿಕ್ಸ್‌ಗೆ ಆ ಸ್ಕೀಮಿನಲ್ಲಿ ಕ್ರೆಡಿಟ್ ಸೊನ್ನೆ ಇತ್ತು. ಮುಂದಿನ ವರ್ಷಕ್ಕೆ ಹೋಗಲು ಅದು ಅಡ್ಡಿಯಾಗಿರಲಿಲ್ಲ, ಪದವಿ ಪಡೆಯಲು ಮಾತ್ರ ಕಡ್ಡಾಯವಾಗಿತ್ತು. ವಿದ್ಯಾರ್ಥಿಗೆ ಅನುಕೂಲವಾಗಲಿ ಎಂದೇ ಹೀಗೆ ಮಾಡಿದ್ದಿರಬೇಕು, ಉದ್ದೇಶವನ್ನು ನಾನು ಶಂಕಿಸುವುದಿಲ್ಲ. ಆದರೆ ಅಂಕಪಟ್ಟಿಯ ಸರಾಸರಿಗೆ ಏನೂ ಸೇರದ ವಿಷಯವನ್ನು ವಾರಕ್ಕೆ ಆರು ದಿನ ತರಗತಿ, ಲ್ಯಾಬು, ಇಂಟರ್ನಲ್ಸ್ ಇರುವ ಹುಡುಗ ಕೊನೆಗೆ ತಳ್ಳುವುದು ಸಹಜ. ತಳ್ಳಿದ್ದು ಏಳನೇ, ಎಂಟನೇ ಸೆಮಿಸ್ಟರಿನವರೆಗೂ ಬ್ಯಾಕ್ ಆಗಿ ಉಳಿಯಬಹುದು. ಬ್ಯಾಕ್‌ಲಾಗ್ ಇರಬಾರದೆಂದು ಷರತ್ತು ಹಾಕುವ ಕಂಪನಿಗಳ ಕ್ಯಾಂಪಸ್ ಸಂದರ್ಶನದ ಹೊತ್ತಿಗೆ ಆ ಸೊನ್ನೆ ಕ್ರೆಡಿಟ್ಟೇ ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಎಂ-3 ಅರ್ಥವಾಗಲು ಬೇಕಿದ್ದ ಓದನ್ನು ಎಂ-3 ಮುಗಿದು ಎರಡು ವರ್ಷದ ಮೇಲೆ ಪಾಸು ಮಾಡಿದರೆ ಯಾರಿಗೆ ಏನು ಪ್ರಯೋಜನ?

ಆಮೇಲೆ 2021, 2022ರ ಸ್ಕೀಮ್‌ಗಳು ಬಂದವು, ಕೋಡ್‌ಗಳೂ ಶೀರ್ಷಿಕೆಗಳೂ ಬದಲಾದವು. ಅತ್ತ ಪಾಲಿಟೆಕ್ನಿಕ್‌ಗಳಲ್ಲಿ ಸಿ-15 ಪಠ್ಯಕ್ರಮ ಹೋಗಿ ಸಿ-20 ಬಂತು. ಅದರಲ್ಲಿ ಎರಡು ಗಣಿತ ಪತ್ರಿಕೆಗಳ ಜಾಗಕ್ಕೆ ಒಂದು ಎಂಜಿನಿಯರಿಂಗ್ ಗಣಿತ, ಜೊತೆಗೆ ಸ್ಟ್ಯಾಟಿಸ್ಟಿಕ್ಸ್ ಮತ್ತು ಅನಲಿಟಿಕ್ಸ್. ಮ್ಯಾಟ್ರಿಕ್ಸ್, ಸರಳರೇಖೆ, ತ್ರಿಕೋನಮಿತಿ, ಡಿಫರೆನ್ಷಿಯೇಷನ್, ಇಂಟಿಗ್ರೇಷನ್ ಎಲ್ಲವೂ ಒಂದೇ ಸೆಮಿಸ್ಟರಿಗೆ ಸೇರಿದವು. ನೇರ ಕೆಲಸಕ್ಕೆ ಹೋಗುವವರನ್ನು ಮನಸ್ಸಿನಲ್ಲಿಟ್ಟು ನೋಡಿದರೆ ಇದು ಸರಿಯೇ ಇರಬಹುದು. ಪದವಿಗೆ ಬರುವವರ ಮಟ್ಟಿಗೆ ಅಂತರ ಹೆಚ್ಚಿತು. ತಾಂತ್ರಿಕ ಶಿಕ್ಷಣ ಇಲಾಖೆ ಒಂದು ಪಠ್ಯ ಮಾಡಿತು, ವಿಶ್ವವಿದ್ಯಾಲಯ ಇನ್ನೊಂದು ಮಾಡಿತು. ನಡುವಿನ ಜಾಗ ವಿದ್ಯಾರ್ಥಿಯ ಪಾಲಿಗೆ ಬಿತ್ತು.

ಹೀಗೆ ಬೀಳಲೇಬೇಕೆಂದೇನಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಮುದಾಯ ಕಾಲೇಜುಗಳಲ್ಲಿ ಎರಡು ವರ್ಷ ಓದಿ ವಿಶ್ವವಿದ್ಯಾಲಯಕ್ಕೆ ವರ್ಗಾವಣೆಯಾಗುವ ಪದ್ಧತಿ ಹಳೆಯದು. ಅಲ್ಲಿ ಯಾವ ಕಾಲೇಜಿನ ಯಾವ ಗಣಿತ ಪತ್ರಿಕೆ ಯಾವ ವಿಶ್ವವಿದ್ಯಾಲಯದ ಯಾವ ಪತ್ರಿಕೆಗೆ ಸಮ ಎಂಬ ಪಟ್ಟಿ ಅಸಿಸ್ಟ್ ಎಂಬ ಸಾರ್ವಜನಿಕ ವ್ಯವಸ್ಥೆಯಲ್ಲಿ ಎಲ್ಲರಿಗೂ ಸಿಗುತ್ತದೆ. ಏನು ಓದಿಕೊಂಡು ಬರಬೇಕೆಂಬುದು ಸೇರುವ ಮೊದಲೇ ಗೊತ್ತಿರುತ್ತದೆ.

ನನ್ನ ಕೋರಿಕೆ ಇಷ್ಟು. ಡಿಪ್ಲೊಮಾ ಕೊನೆಯ ಪರೀಕ್ಷೆಗೂ ಮೂರನೇ ಸೆಮಿಸ್ಟರಿನ ತರಗತಿಗೂ ನಡುವೆ ಆರು ವಾರದ ಕ್ಯಾಲ್ಕುಲಸ್ ಕೋರ್ಸ್ ನಡೆಸಿ, ಅದಕ್ಕೆ ಕ್ರೆಡಿಟ್ ಕೊಡಿ. ಮೊದಲ ದಿನವೇ ಒಂದು ಪರೀಕ್ಷೆ ಇಟ್ಟು, ಲೆಕ್ಕ ಬರುವವರಿಗೆ ವಿನಾಯಿತಿ ಕೊಡಿ. ವಿಷಯ ಕಡಿಮೆ ಇರಲಿ, ಅಭ್ಯಾಸ ಹೆಚ್ಚಿರಲಿ: ಬೈ ಪಾರ್ಟ್ಸ್, ಪಾರ್ಷಿಯಲ್ ಡಿಫರೆನ್ಷಿಯೇಷನ್, ಮೊದಲ ದರ್ಜೆಯ ಡಿಫರೆನ್ಷಿಯಲ್ ಈಕ್ವೇಷನ್. ವಿವರಣೆ ಕನ್ನಡದಲ್ಲಿರಲಿ, ಉತ್ತರ ಯಾವ ಭಾಷೆಯಲ್ಲಾದರೂ ಬರೆಯಲಿ. ಸೀಟು ಹಂಚಿಕೆ ತಡವಾಗುತ್ತದೆ, ಆರು ವಾರ ಎಲ್ಲಿಂದ ಬರಬೇಕು ಎಂದು ತಮ್ಮ ಕಚೇರಿ ಕೇಳಬಹುದು. ಕೋರ್ಸನ್ನು ಸೀಟಿಗೆ ಕಟ್ಟಿಹಾಕದೆ ಡಿಸಿಇಟಿ ಅರ್ಜಿಗೆ ಜೋಡಿಸಿದರೆ ಆ ತೊಂದರೆ ಇಲ್ಲ. ವಿದ್ಯಾರ್ಥಿ ತಾನು ಓದಿದ ಪಾಲಿಟೆಕ್ನಿಕ್ಕಿನಲ್ಲೇ ಮುಗಿಸಿ, ಪ್ರಮಾಣಪತ್ರ ಹಿಡಿದು ಯಾವ ಕಾಲೇಜಿಗಾದರೂ ಹೋಗಲಿ. ಉದ್ಯೋಗಸ್ಥರಿಗಾಗಿ ಸಂಜೆ ಬಿ.ಇ. ನಡೆಸಲು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು (ಎಐಸಿಟಿಇ) ಅವಕಾಶ ಕೊಟ್ಟಿದೆ. ಆ ದಾರಿಯಲ್ಲಿ ಬರುವ ಪೀಣ್ಯದ ನೌಕರ ಗಣಿತ ಬಿಟ್ಟು ಇನ್ನೂ ಹೆಚ್ಚು ವರ್ಷವಾಗಿರುತ್ತದೆ. ಅವನಿಗೆ ಇದೇ ಕೋರ್ಸ್ ಭಾನುವಾರಗಳಲ್ಲಿ ನಡೆಯಲಿ.

ಡಿಸಿಇಟಿಯಲ್ಲೇ ಗಣಿತ ಇದೆಯಲ್ಲ ಎನ್ನುವವರಿದ್ದಾರೆ. ಅಲ್ಲಿ ಗಣಿತ ಹಲವು ವಿಷಯಗಳಲ್ಲಿ ಒಂದು, ಪ್ರಶ್ನೆ ನಾಲ್ಕರಲ್ಲಿ ಒಂದನ್ನು ಆರಿಸುವ ಬಗೆಯದು. ರ್‍ಯಾಂಕ್ ಕೊಡಲು ಅದು ಸಾಕು, ಲೆಕ್ಕ ಮಾಡುವ ಕೈ ಪಳಗಲು ಸಾಲದು. ಇನ್ನು ಕೆಲವರದು ಇದಕ್ಕೆ ತದ್ವಿರುದ್ಧ ವಾದ: ಶಾಪ್ ಫ್ಲೋರಿನಿಂದ ಬಂದವರಿಗೆ ಕ್ಯಾಲ್ಕುಲಸ್ ಯಾಕೆ, ತೆಗೆದೇ ಬಿಡಿ. ಇದು ದಯೆಯಿಂದ ಬಂದ ಮಾತು, ಆದರೂ ನಾನು ಒಪ್ಪಲಾರೆ. ಹೀಟ್ ಟ್ರಾನ್ಸ್‌ಫರ್, ಕಂಟ್ರೋಲ್ ಸಿಸ್ಟಮ್ಸ್, ಸಿಗ್ನಲ್ ಪ್ರೊಸೆಸಿಂಗ್ ಯಾವುದೂ ಡಿಫರೆನ್ಷಿಯಲ್ ಈಕ್ವೇಷನ್ ಇಲ್ಲದೆ ಅರ್ಥವಾಗದು. ಗಣಿತ ಕಳಚಿದ ಪದವಿ ಹಿಡಿದು ಹೋದವನನ್ನು ಡಿಸೈನ್ ವಿಭಾಗ ಮತ್ತೆ ಹಳೆಯ ಮಷಿನ್ ಪಕ್ಕಕ್ಕೇ ಕಳಿಸೀತು. ಆ ಮಕ್ಕಳು ಕೇಳುವುದು ರಿಯಾಯಿತಿಯನ್ನಲ್ಲ, ಸಮಯವನ್ನು.

ನಾನು ಹೇಳಿದ್ದು ನಿಜವೇ ಎಂದು ಪರೀಕ್ಷಿಸುವುದು ತಮಗೆ ಸುಲಭ. ಲ್ಯಾಟರಲ್ ಎಂಟ್ರಿಯವರ ವಿಶ್ವವಿದ್ಯಾಲಯ ನೋಂದಣಿ ಸಂಖ್ಯೆಯ (ಯುಎಸ್‌ಎನ್) ಕೊನೆಯ ಅಂಕಿಗಳು 400ರಿಂದ ಶುರುವಾಗುತ್ತವೆ, ಫಲಿತಾಂಶದಲ್ಲಿ ಅವರನ್ನು ಬೇರ್ಪಡಿಸಲು ಹೊಸ ಸಮೀಕ್ಷೆ ಬೇಕಿಲ್ಲ. ಹಿಂದಿನ ಐದು ವರ್ಷಗಳ ಮೂರನೇ ಸೆಮಿಸ್ಟರಿನ ಗಣಿತ ಫಲಿತಾಂಶವನ್ನು ಹಾಗೆ ಎರಡಾಗಿ ವಿಂಗಡಿಸಿ, ಕಾಲೇಜುವಾರು ಪ್ರಕಟಿಸಿ, ಬೋರ್ಡ್ ಆಫ್ ಸ್ಟಡೀಸ್‌ನ ಮುಂದಿನ ಸಭೆಯಲ್ಲಿ ಮಂಡಿಸಬೇಕೆಂದು ವಿನಂತಿಸುತ್ತೇನೆ. ಆ ಸಭೆಗೆ ಪಾಲಿಟೆಕ್ನಿಕ್ಕಿನ ಇಬ್ಬರು ಗಣಿತ ಅಧ್ಯಾಪಕರನ್ನೂ ಕರೆಯಿರಿ.

ಇತಿ ತಮ್ಮ ವಿಶ್ವಾಸಿ