ಸಹಿ ಬಿದ್ದ ಕಾಗದವೆಲ್ಲ ಕರಾರಲ್ಲ

"ಬಾಂಡ್ ಪೇಪರ್ ಮೇಲೆ ಸಹಿ ಆಗಿದೆ, ಇನ್ನೇನೂ ಮಾಡೋಕಾಗಲ್ಲ." ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ನಮ್ಮಲ್ಲಿ ಈ ಮಾತು ಕೇಳದವರಿಲ್ಲ. ಫಿಲೇಚರ್‌ನಲ್ಲಿ ಪಡೆದ ಅಡ್ವಾನ್ಸ್ ವಿಚಾರ ಬಂದರಂತೂ ಈ ಮಾತಿಗೆ ಯಾರೂ ಎದುರಾಡುವುದಿಲ್ಲ. ಕಾನೂನಿನ ಪ್ರಕಾರ ಇದು ತಪ್ಪು ಮಾತು. ಅದನ್ನು ಮನೆಯಲ್ಲಿ ತಿಳಿಸಿ ಹೇಳುವುದು ವಾಣಿಜ್ಯ ವಿಭಾಗದ ನಮ್ಮ ಹೊಣೆ ಎಂಬುದು ನನ್ನ ಅಭಿಪ್ರಾಯ.

ಇಬ್ಬರು ಒಪ್ಪಿಕೊಂಡದ್ದು ಒಪ್ಪಂದ. ಕೋರ್ಟು ಜಾರಿ ಮಾಡಿಸಬಲ್ಲ ಒಪ್ಪಂದ ಮಾತ್ರ ಕರಾರು. 1872ರ ಭಾರತೀಯ ಕರಾರು ಕಾಯ್ದೆಯ 10ನೇ ಸೆಕ್ಷನ್ ಇದಕ್ಕೆ ಅಳತೆಗೋಲು ಕೊಡುತ್ತದೆ: ಇಬ್ಬರದೂ ಮುಕ್ತ ಸಮ್ಮತಿ ಇರಬೇಕು, ಇಬ್ಬರೂ ಕರಾರು ಮಾಡಲು ಅರ್ಹರಿರಬೇಕು, ಪ್ರತಿಫಲವೂ ಉದ್ದೇಶವೂ ಕಾನೂನುಬದ್ಧವಾಗಿರಬೇಕು, ಈ ಕಾಯ್ದೆ ಅದನ್ನು ಅನೂರ್ಜಿತ ಎಂದಿರಬಾರದು. ಛಾಪಾ ಕಾಗದ ಈ ಪಟ್ಟಿಯಲ್ಲಿಲ್ಲ. ಬಾಯಿಮಾತಿನ ವ್ಯವಹಾರವೂ ಈ ಅಳತೆಗೆ ಸರಿಬಂದರೆ ಸಾಮಾನ್ಯವಾಗಿ ಕರಾರೇ. ಸರಿಬಾರದಿದ್ದರೆ ಎಷ್ಟು ಬೆಲೆಯ ಛಾಪಾ ಕಾಗದವೂ ಅದನ್ನು ಉಳಿಸುವುದಿಲ್ಲ.

ಪರೀಕ್ಷೆಯ ಪ್ರಶ್ನೆಯಂತೆ ಒಂದು ಉದಾಹರಣೆ ನೋಡೋಣ. 'ಅ' ರೇಷ್ಮೆ ನೂಲು ಬಿಚ್ಚುವ ಘಟಕದ ಮಾಲೀಕ. 'ಬ' ಅಲ್ಲಿನ ಕೆಲಸಗಾರ್ತಿ. ಮಗಳ ಮದುವೆಗೆಂದು 'ಬ' 30,000 ರೂಪಾಯಿ ಅಡ್ವಾನ್ಸ್ ಪಡೆದಳು. ಹಣ ತೀರುವವರೆಗೆ ಬೇರೆ ಕಡೆ ಕೆಲಸಕ್ಕೆ ಹೋಗಬಾರದು, ತಾನು ಬರಲಾಗದಿದ್ದರೆ ಹದಿನಾರು ವರ್ಷದ ಮಗ ಬರಬೇಕು ಎಂದು ಬರೆದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು. ವಾರಕ್ಕೆ 200 ರೂಪಾಯಿ ಕಡಿತ. ಮೂರು ವರ್ಷ, ಅಂದರೆ 156 ವಾರಗಳಲ್ಲಿ ಕಡಿತವೇ 31,200 ಆಯಿತು. ಮಾಲೀಕನ ಪುಸ್ತಕದಲ್ಲಿ ಮಾತ್ರ ಸಾಲ ಇನ್ನೂ 30,000. ಕಡಿತವೆಲ್ಲ ಬಡ್ಡಿಗೆ ಹೋಯಿತಂತೆ.

ಈ ಕಾಗದ ಜಾರಿಯಾಗುತ್ತದೆಯೇ? ಮೊದಲು ಮಗನ ವಿಚಾರ. ಹದಿನೆಂಟು ತುಂಬದವರು ಕರಾರು ಮಾಡಲು ಅರ್ಹರಲ್ಲ. ಮೊಹೊರಿ ಬೀಬಿ ಮತ್ತು ಧರ್ಮದಾಸ್ ಘೋಷ್ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲ್ 1903ರಲ್ಲೇ ಇದನ್ನು ತೀರ್ಮಾನಿಸಿದೆ. ಆ ಹುಡುಗ ತನ್ನ ಸ್ವಂತ ಆಸ್ತಿಯನ್ನೇ ಅಡವಿಟ್ಟು ಸಾಲ ಪಡೆದಿದ್ದ, ಆದರೂ ಆ ಅಡಮಾನ ಅನೂರ್ಜಿತವಾಯಿತು. ಇಲ್ಲಿ ಮಗ ಒಪ್ಪಿಯೇ ಇಲ್ಲ, ಒಪ್ಪಿದ್ದರೂ ನಡೆಯುತ್ತಿರಲಿಲ್ಲ.

ಎರಡನೆಯದು ಸಮ್ಮತಿ. ಕಷ್ಟವಿತ್ತು ಎಂದ ಮಾತ್ರಕ್ಕೆ ಸಮ್ಮತಿ ಕೆಡುವುದಿಲ್ಲ. ಆದರೆ ಒಬ್ಬರ ಮೇಲೆ ಹಿಡಿತವಿರುವವರು ಅದನ್ನು ಬಳಸಿ ಅನ್ಯಾಯದ ಲಾಭ ಪಡೆದರೆ 16ನೇ ಸೆಕ್ಷನ್ ಅದನ್ನು ಅನುಚಿತ ಪ್ರಭಾವ ಎನ್ನುತ್ತದೆ. ಅಂಥ ಒಪ್ಪಂದವನ್ನು 'ಬ' ರದ್ದು ಮಾಡಿಸಬಹುದು.

ಮೂರನೆಯದೇ ಮುಖ್ಯ. ಸಾಲ ಅಥವಾ ಅಡ್ವಾನ್ಸ್‌ಗೆ ಬದಲಾಗಿ ಬೇರೆ ಕೆಲಸ ಹಿಡಿಯುವ ಸ್ವಾತಂತ್ರ್ಯವನ್ನೇ ಬಿಟ್ಟುಕೊಟ್ಟು ದುಡಿಯುವುದನ್ನು 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಜೀತ ಎನ್ನುತ್ತದೆ. ಅಂಥ ಒಪ್ಪಂದ ಅನೂರ್ಜಿತ, ಆ ಸಾಲ ತೀರಿಸುವ ಹೊಣೆಯೂ ಇಲ್ಲ. ಅದು ಜೀತದ ಸಾಲವಲ್ಲ ಎಂದು ತೋರಿಸಬೇಕಾದವನು ಸಾಲ ಕೊಟ್ಟವನೇ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರ ಏಷ್ಯಾಡ್ ಕಾರ್ಮಿಕರ ಪ್ರಕರಣದಲ್ಲಿ ಹೇಳಿದೆ.

ಇದು ಬರೀ ಪುಸ್ತಕದ ಮಾತಲ್ಲ. ರೇಷ್ಮೆ ಉದ್ಯಮದಲ್ಲಿ ಜೀತಕ್ಕಿರುವ ಮಕ್ಕಳ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ಪ್ರಕಟಿಸಿದ ವರದಿಯಲ್ಲಿ ಕರ್ನಾಟಕವೂ ಇದೆ. ಕಳೆದ ವರ್ಷ ನನ್ನ ಬೆಂಚಿನಲ್ಲಿದ್ದ ಗೆಳೆಯನೊಬ್ಬ ಈ ವರ್ಷ ಕಾಲೇಜಿಗೆ ಬಂದಿಲ್ಲ. ಅವನ ತಂದೆಗೆ ಉಸಿರಾಟದ ತೊಂದರೆ. ಅವರ ಅಡ್ವಾನ್ಸ್ ತೀರಿಸಲು ಈಗ ಇವನು ಕುದಿಯುವ ಗೂಡಿನ ಬೋಗುಣಿಯ ಮುಂದೆ ನಿಂತಿದ್ದಾನೆ. ಅಕೌಂಟೆನ್ಸಿಯಲ್ಲಿ ನಮ್ಮೆಲ್ಲರಿಗಿಂತ ಚುರುಕಾಗಿದ್ದವನು.

ಹಾಗಾದರೆ ಹಣ ಕೊಟ್ಟ ಮಾಲೀಕನಿಗೆ ನಷ್ಟವಾಗಬೇಕೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಎಲ್ಲ ಅಡ್ವಾನ್ಸೂ ಜೀತವಲ್ಲ. ಸಣ್ಣ ರೀಲರ್‌ಗಳೂ ಸಾಲ ಮಾಡಿಯೇ ಗೂಡು ಕೊಳ್ಳುತ್ತಾರೆ. ಕೆಲಸ ಬಿಡುವ ಸ್ವಾತಂತ್ರ್ಯ ಉಳಿಸಿ, ಸರಿಯಾದ ಕೂಲಿ ಕೊಟ್ಟು, ಹಣವನ್ನು ಹಣವಾಗಿಯೇ ವಾಪಸ್ ಕೇಳಿದರೆ ಅದು ಸಾಮಾನ್ಯ ಸಾಲ, ಬೇಕಾದರೆ ಸಿವಿಲ್ ಕೋರ್ಟಿಗೆ ಹೋಗಬಹುದು. ಹಣಕ್ಕೆ ಹಣ ಕೇಳುವುದು ಸರಿ, ಮನುಷ್ಯನನ್ನೇ ಒತ್ತೆ ಇಟ್ಟುಕೊಳ್ಳುವುದು ಸರಿಯಲ್ಲ.

ಮನೆಯಲ್ಲಿ ಹಿರಿಯರು ಕೇಳುವ ಪ್ರಶ್ನೆ ಬೇರೆ: "ಖರ್ಜಾ ಖರ್ಜಾನೇ ಅಲ್ವಾ? ಜಬಾನ್ ಕೊಟ್ಟಿಲ್ವಾ?" ಇದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸತ್ತವರ ಸಾಲವನ್ನೂ ವಿಚಾರಿಸಿ ತೀರಿಸುವ ಜನ ನಾವು. ಕುರ್‌ಆನಿನ ಅತಿ ಉದ್ದದ ಆಯತ್, ಅಲ್ ಬಕರಾ ಸೂರಾದ 282ನೆಯದು, ಸಾಲದ ವ್ಯವಹಾರವನ್ನು ಕುರಿತದ್ದೇ. ಆದರೆ ಅದರ ಪ್ರಕಾರ ಸಾಲದ ಪತ್ರವನ್ನು ಹೇಳಿ ಬರೆಸಬೇಕಾದವನು ಸಾಲ ಪಡೆದವನು. ಅವನಿಗೆ ಸಾಧ್ಯವಾಗದಿದ್ದರೆ ಅವನ ಪರವಾಗಿ ಇನ್ನೊಬ್ಬರು ಹೇಳಬೇಕು, ಸಾಕ್ಷಿಗಳಿರಬೇಕು. 'ಬ'ಳ ಕಾಗದವನ್ನು ಹೇಳಿ ಬರೆಸಿದವನು ಮಾಲೀಕ. ಇನ್ನು ಆ 31,200 ರೂಪಾಯಿ ಬಡ್ಡಿಗೆ ಹೋಯಿತು ಎನ್ನುವವರಿಗೆ, ಸೂದ್ ಬಗ್ಗೆ ನಾವು ಮದರಸಾದಲ್ಲಿ ಕಲಿತದ್ದನ್ನು ನೆನಪಿಸಿದರೆ ಸಾಕು.

ನಮ್ಮ ಉರ್ದು ಮನೆಗಳಲ್ಲಿ ಇನ್ನೊಂದು ತೊಡಕಿದೆ. ಕಾಗದ ಕನ್ನಡದಲ್ಲಿರುತ್ತದೆ. ಸಹಿ ಹಾಕುವ ಹಿರಿಯರಲ್ಲಿ ಅನೇಕರಿಗೆ ಕನ್ನಡ ಓದಲು ಬಾರದು. ಕನ್ನಡ ಓದಬಲ್ಲ ನಮಗೆ ಸಹಿ ಹಾಕುವ ವಯಸ್ಸಾಗಿಲ್ಲ, ಹಾಗಾಗಿ ನಮ್ಮನ್ನು ಯಾರೂ ಕರೆಯುವುದಿಲ್ಲ. ಕರೆಯದಿದ್ದರೂ ನಾವು ಹೋಗಿ ಕೂರಬೇಕು. ಕಾಗದ ಪೂರ್ತಿ ಓದಿ, ಉರ್ದುವಿನಲ್ಲಿ ಅರ್ಥ ಹೇಳಿ, ಒಂದು ಪ್ರತಿ ಕೇಳಿ ಪಡೆಯಬೇಕು. ವಾರದ ಕಡಿತವನ್ನು ನಮ್ಮದೇ ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು.

ಕಾಲೇಜಿಗೂ ಒಂದು ವಿನಂತಿ. ವಾಣಿಜ್ಯ ವಿಭಾಗ ತಿಂಗಳಿಗೊಂದು ದಿನ ವಕೀಲರೊಬ್ಬರನ್ನು ಕರೆಸಿ, ಪೋಷಕರು ತರುವ ಕಾಗದಗಳನ್ನು ಓದಿ ಹೇಳುವ ವ್ಯವಸ್ಥೆ ಮಾಡಲಿ. ಮಹಿಳೆಯರಿಗೆ, ಮಕ್ಕಳಿಗೆ, ಜೀತಕ್ಕೆ ಸಿಕ್ಕವರಿಗೆ ಕಾನೂನು ಸೇವಾ ಪ್ರಾಧಿಕಾರದ ನೆರವು ಉಚಿತ, ಸಹಾಯವಾಣಿ 15100. ಜೀತದ ದೂರನ್ನು ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿಗೆ ಕೊಡಬಹುದು. ನನ್ನ ಗೆಳೆಯನ ಹೆಸರು ಇನ್ನೂ ಹಾಜರಿ ಪುಸ್ತಕದಲ್ಲಿದೆ. ಅದನ್ನು ಹೊಡೆದುಹಾಕುವ ಮೊದಲು ಯಾರಾದರೂ ಹಿರಿಯರು ಅವನ ಮನೆಗೆ ಹೋಗಿ ಆ ಕಾಗದವನ್ನೊಮ್ಮೆ ಓದಲಿ.