ಆಹಾರ ಬ್ಯಾಂಕಿನಲ್ಲಿ ಒಂದು ತಿಂಗಳು: ಅರಿಶಿನಕುಂಟೆ ಕಲಿಸಿದ್ದೇನು?

ಮಂಗಳೂರು, ಉಡುಪಿ ಕಡೆಯಿಂದ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುವ ನಮ್ಮ ಜನರಿಗೆ ನೆಲಮಂಗಲವೆಂದರೆ ನಿದ್ದೆಯಿಂದ ಎದ್ದು ಚಪ್ಪಲಿ ಹುಡುಕುವ ಜಾಗ. ನಮ್ಮ ಹೆದ್ದಾರಿ ಅಲ್ಲಿ ತುಮಕೂರು ರಸ್ತೆಯನ್ನು ಕೂಡಿಕೊಳ್ಳುತ್ತದೆ. ಅದರ ಮಗ್ಗುಲಲ್ಲೇ ಇರುವ ಅರಿಶಿನಕುಂಟೆಯನ್ನು ನಾವು ಎಷ್ಟೋ ಸಲ ಕಿಟಕಿಯಿಂದ ನೋಡಿಯೂ ನೋಡದಂತೆ ದಾಟಿ ಹೋಗಿದ್ದೇವೆ. ತುಮಕೂರು ರಸ್ತೆಯ ಈ ಪಟ್ಟಿಯಲ್ಲಿ ಇಂದು ಹೊಲಗಳಿಗಿಂತ ಗೋದಾಮುಗಳೇ ಎದ್ದು ಕಾಣುತ್ತವೆ. ಬೆಂಗಳೂರಿನ ಅಂಗಡಿಗಳಿಗೆ ಹೋಗುವ ಅಕ್ಕಿ, ಎಣ್ಣೆ, ಬಿಸ್ಕತ್ತು ಇಲ್ಲಿ ಇಳಿದು ಮತ್ತೆ ಲಾರಿ ಹತ್ತುತ್ತವೆ. ಹತ್ತಿಸುವವರು ಹೆಚ್ಚಾಗಿ ಹೊರ ಜಿಲ್ಲೆ, ಹೊರ ರಾಜ್ಯಗಳ ಕೂಲಿಕಾರರು.

ನಮ್ಮ ಧರ್ಮಕೇಂದ್ರವೊಂದರ ಸಮಾಜಕಾರ್ಯ ವಿದ್ಯಾರ್ಥಿನಿ ಅರಿಶಿನಕುಂಟೆಯ ನೆಂಟರ ಮನೆಯಲ್ಲಿದ್ದುಕೊಂಡು ಒಂದು ಆಹಾರ ಬ್ಯಾಂಕಿನಲ್ಲಿ ಇಂಟರ್ನ್‌ಶಿಪ್ ಮುಗಿಸಿ ಬಂದಿದ್ದಾಳೆ. ಆಕೆ ಹೇಳಿದ್ದನ್ನು ಕೇಳಿದ ಮೇಲೆ ಈ ವಿಷಯವನ್ನು ಓದುಗರ ಮುಂದಿಡಬೇಕೆಂದು ನಮಗೆ ಅನಿಸಿತು.

ಆಹಾರ ಬ್ಯಾಂಕ್ ಎಂಬ ಕಲ್ಪನೆ ನಮ್ಮ ಧರ್ಮಸಭೆಯ ಅಂಗಳದಲ್ಲೇ ಹುಟ್ಟಿದ್ದು. ಅಮೆರಿಕದ ಅರಿಝೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ ಜಾನ್ ವಾನ್ ಹೆಂಗೆಲ್ ಎಂಬವರು ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯ ಊಟದ ಮನೆಯಲ್ಲಿ ಸ್ವಯಂಸೇವಕರಾಗಿದ್ದರು. ಅಂಗಡಿಗಳು ಹೊರಗೆಸೆದ ಸಾಮಾನಿನಿಂದ ಮಕ್ಕಳನ್ನು ಸಾಕುತ್ತಿದ್ದ ತಾಯಿಯೊಬ್ಬಳನ್ನು ಕಂಡ ಮೇಲೆ, ಉಳಿದ ಆಹಾರವನ್ನು ಬ್ಯಾಂಕಿನಲ್ಲಿ ಹಣ ಇಡುವಂತೆ ಇಟ್ಟು ಬೇಕಾದವರಿಗೆ ಕೊಡುವ ಯೋಚನೆ ಅವರಲ್ಲಿ ಮೂಡಿತು. ಸಂತ ಮರಿಯಮ್ಮನವರ ದೇವಾಲಯ ಒಂದು ಹಳೆಯ ಕಟ್ಟಡವನ್ನೂ 3,000 ಡಾಲರುಗಳನ್ನೂ ಕೊಟ್ಟಿತು. 1967ರಲ್ಲಿ ಆರಂಭವಾದ ಅದರ ಹೆಸರು ಇಂದಿಗೂ ಸೇಂಟ್ ಮೇರೀಸ್ ಫುಡ್ ಬ್ಯಾಂಕ್. ಅಂದ ಹಾಗೆ, 1833ರಲ್ಲಿ ಪ್ಯಾರಿಸ್ಸಿನಲ್ಲಿ ವಿನ್ಸೆಂಟ್ ದಿ ಪಾವ್ಲ್ ಸಭೆಯನ್ನು ಸ್ಥಾಪಿಸಿದ ಫ್ರೆಡ್ರಿಕ್ ಓಝಾನಾಂ ಕೂಡ ಆಗ 20ರ ಹರೆಯದ ವಿದ್ಯಾರ್ಥಿ.

ನಮ್ಮ ವಿದ್ಯಾರ್ಥಿನಿ ಹಸಿದವರಿಗೆ ಅನ್ನ ಬಡಿಸುವ ಕನಸು ಹೊತ್ತು ಹೋಗಿದ್ದಳು. ಮೊದಲ ವಾರವೆಲ್ಲ ಆಕೆ ಮಾಡಿದ್ದು ರಟ್ಟಿನ ಪೆಟ್ಟಿಗೆಗಳ ಮೇಲಿನ ದಿನಾಂಕ ಓದುವ ಕೆಲಸ. ಯಾವುದರ ಅವಧಿ ಮುಗಿದಿದೆ, ಯಾವುದಕ್ಕೆ ಹತ್ತು ದಿನ ಉಳಿದಿದೆ, ಯಾವ ಪೊಟ್ಟಣ ಹರಿದಿದೆ ಎಂದು ಬೇರೆ ಬೇರೆ ಮಾಡಬೇಕು. ಹರಿದದ್ದನ್ನು ತಿರಸ್ಕರಿಸಬೇಕು. "ಎಸೆಯಲಿಕ್ಕೆಂದೇ ಇಲ್ಲಿಗೆ ಬಂದೆನೋ ಎನಿಸಿತು" ಎಂದಳು. ಆದರೆ ಇದೇ ಅಲ್ಲಿನ ಅತಿ ಮುಖ್ಯ ಕೆಲಸ. ಹೆಚ್ಚುವರಿ ಆಹಾರದ ಸಂಗ್ರಹ ಮತ್ತು ವಿತರಣೆಗೆ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2019ರಲ್ಲಿ ಪ್ರತ್ಯೇಕ ನಿಯಮಾವಳಿಯನ್ನೇ ತಂದಿದೆ. ಬಡವರಿಗೆ ಕೊಡುವುದು ಎಂಬ ಕಾರಣಕ್ಕೆ ಹಳಸಿದ್ದನ್ನು ಕೊಡುವಂತಿಲ್ಲ. ಬೇಯಿಸಿದ ಆಹಾರವಾದರೆ ಕಷ್ಟ ಇನ್ನೂ ಹೆಚ್ಚು. 5ರಿಂದ 60 ಡಿಗ್ರಿ ಉಷ್ಣತೆಯ ನಡುವೆ ಅದರಲ್ಲಿ ರೋಗಾಣುಗಳು ಬೇಗ ಬೆಳೆಯುತ್ತವೆ. ಮದುವೆ ಹಾಲ್‌ನಲ್ಲಿ ಮಧ್ಯಾಹ್ನ ಒಂದಕ್ಕೆ ಬಡಿಸಿ, ಸಂಜೆ ಆರಕ್ಕೆ ಆಶ್ರಮಕ್ಕೆ ಫೋನ್ ಮಾಡಿ "ಬಿರಿಯಾನಿ ಉಂಟು, ಕೊಂಡು ಹೋಗಿ" ಎನ್ನುವ ನಮ್ಮ ಅಭ್ಯಾಸ ದಾನವೋ ಅಪಾಯವೋ ಎಂದು ನಾವೇ ಕೇಳಿಕೊಳ್ಳಬೇಕಾಗಿದೆ.

ಎರಡನೆಯ ವಿಷಯ ಆಕೆಗೆ ನಿಧಾನವಾಗಿ ತಿಳಿಯಿತು. ಬ್ಯಾಂಕಿಗೆ ಬರುವುದು ಬಡವರಿಗೆ ಬೇಕಾದದ್ದಲ್ಲ, ಅಂಗಡಿಗಳಲ್ಲಿ ಉಳಿದದ್ದು. ಒಂದು ವಾರ ಬಿಸ್ಕತ್ತು, ನೂಡಲ್ಸ್, ತಂಪು ಪಾನೀಯಗಳ ರಾಶಿ. ತೊಗರಿ ಬೇಳೆ ಒಂದು ಕಿಲೋ ಇಲ್ಲ. ಅರಿಶಿನಕುಂಟೆಯ ಬಾಡಿಗೆ ಶೆಡ್ಡುಗಳ ಸಾಲಿಗೆ ಪೊಟ್ಟಣ ಹಂಚಲು ಹೋದಾಗ ಬಿಹಾರದ ಮಹಿಳೆಯೊಬ್ಬಳು ಬಿಸ್ಕತ್ತು ತೆಗೆದುಕೊಂಡು, ತನ್ನ ಊರಿನ ರೇಷನ್ ಕಾರ್ಡಿಗೆ ಇಲ್ಲಿ ಅಕ್ಕಿ ಸಿಗುತ್ತದೆಯೇ ಎಂದು ಕೇಳಿದಳಂತೆ. ಆಕೆಯ ಗಂಡ ದಿನವಿಡೀ ಅಕ್ಕಿ ಮೂಟೆ ಹೊರುವವನು.

ಸ್ವಯಂಸೇವಕರಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಉತ್ತರ ಹೌದು ಎಂಬುದು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕಿಲೋ ಧಾನ್ಯ ಸಲ್ಲಬೇಕು. 2023ರ ಜನವರಿಯಿಂದ ಅದು ಉಚಿತ. 'ಒಂದು ದೇಶ, ಒಂದು ರೇಷನ್ ಕಾರ್ಡ್' ವ್ಯವಸ್ಥೆಯಲ್ಲಿ ಆಧಾರ್ ಜೋಡಣೆಯಾಗಿದ್ದರೆ ದೇಶದ ಯಾವ ನ್ಯಾಯಬೆಲೆ ಅಂಗಡಿಯಲ್ಲೂ ಬೆರಳಚ್ಚು ಕೊಟ್ಟು ಪಡೆಯಬಹುದು. 2022ರಲ್ಲಿ ಅಸ್ಸಾಂ ಸೇರಿದ ಮೇಲೆ ಇದು ಎಲ್ಲ ರಾಜ್ಯಗಳಿಗೂ ಅನ್ವಯ. ಕಾಗದದ ಮೇಲೆ ಇಷ್ಟು ಸುಲಭ. ಅಂಗಡಿಯಲ್ಲಿ ಭಾಷೆ ಬಾರದು, ಸಿಮೆಂಟು ಮೂಟೆ ಹೊತ್ತು ಸವೆದ ಬೆರಳನ್ನು ಯಂತ್ರ ಗುರುತಿಸದು, ಕೂಲಿ ಬಿಟ್ಟು ಸರದಿಯಲ್ಲಿ ನಿಲ್ಲಲಾಗದು. ನಮ್ಮ ವಿದ್ಯಾರ್ಥಿನಿ ಮೂರು ಮಧ್ಯಾಹ್ನ ಆ ಮಹಿಳೆಯ ಜೊತೆ ಅಂಗಡಿಗೆ ಅಲೆದಳು. ಮೂರನೆಯ ಸಲ ಅಕ್ಕಿ ಸಿಕ್ಕಿತು. ಕಾಲೇಜಿಗೆ ಒಪ್ಪಿಸಿದ 120 ಗಂಟೆಗಳ ಲೆಕ್ಕದಲ್ಲಿ ಈ ಮೂರು ಮಧ್ಯಾಹ್ನಗಳು ಸೇರಿಲ್ಲ, ಅದು 'ಆಹಾರ ವಿತರಣೆ' ಅಲ್ಲವಂತೆ!

ನಮ್ಮ ಅಭಿಪ್ರಾಯದಲ್ಲಿ ಆ ತಿಂಗಳಲ್ಲಿ ಆಕೆ ಮಾಡಿದ ಅತ್ಯುತ್ತಮ ಕೆಲಸ ಅದೇ. ಬಿಸ್ಕತ್ತು ಒಂದು ಸಂಜೆಗೆ. ಐದು ಜನರ ಕುಟುಂಬಕ್ಕೆ 25 ಕಿಲೋ ಧಾನ್ಯ ಪ್ರತಿ ತಿಂಗಳಿಗೆ. ಹಾಗೆಂದು ಆಹಾರ ಬ್ಯಾಂಕ್ ಬೇಡ ಎನ್ನುತ್ತಿಲ್ಲ. ಕಾರ್ಡೇ ಇಲ್ಲದವರು, ಆಸ್ಪತ್ರೆ ಬಾಗಿಲಲ್ಲಿ ಕುಳಿತವರು, ಆಶ್ರಮಗಳ ವೃದ್ಧರು ನಾಳೆಯವರೆಗೆ ಕಾಯಲಾರರು. ಆದರೆ ಹಕ್ಕಾಗಿ ಸಿಗಬೇಕಾದದ್ದನ್ನು ದಯೆಯಾಗಿ ಕೊಟ್ಟು ತೃಪ್ತರಾಗುವ ಅಪಾಯ ನಮ್ಮಂಥ ಸೇವಾ ಸಂಘಟನೆಗಳಿಗೆ ಸದಾ ಇದೆ, ಅದರಲ್ಲೂ ಫೋಟೊ ತೆಗೆಯುವವರು ಜೊತೆಗಿದ್ದಾಗ.

ಆಹಾರ ಎಸೆಯುವುದು ಬಡವರ ಮೇಜಿನಿಂದ ಕದ್ದಂತೆ ಎಂದು ಜಗದ್ಗುರು ಫ್ರಾನ್ಸಿಸರು 2013ರ ಜೂನ್ 5ರಂದು ಎಚ್ಚರಿಸಿದ್ದರು. ಕದಿಯುವವರು ಯಾರು? ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ವ್ಯರ್ಥವಾಯಿತು, ಅದರಲ್ಲಿ ಶೇ. 60 ಮನೆಗಳಲ್ಲಿ. ಹೋಟೆಲು, ಅಂಗಡಿಗಳು ನಂತರ ಬರುತ್ತವೆ. ಐದು ರೊಟ್ಟಿಗಳ ಅದ್ಭುತದ ಬಳಿಕ ಯೇಸು ಶಿಷ್ಯರಿಂದ ಉಳಿದ ತುಂಡುಗಳನ್ನು ಕೂಡಿಸಿದರು, ಹನ್ನೆರಡು ಬುಟ್ಟಿ ತುಂಬಿತು. ಆ ಬುಟ್ಟಿಗಳು ಯಾರ ಮನೆಗೆ ಹೋದವು ಎಂದು ಶುಭಸಂದೇಶ ಹೇಳುವುದಿಲ್ಲ.

ಕರಾವಳಿಯಲ್ಲೂ ಮೀನುಗಾರಿಕಾ ಬಂದರುಗಳಲ್ಲಿ, ಕಟ್ಟಡ ಕೆಲಸದಲ್ಲಿ ಇದೇ ವಲಸೆ ಕುಟುಂಬಗಳಿವೆ. ಕೆಲವರು ಭಾನುವಾರ ನಮ್ಮ ದೇವಾಲಯಗಳ ಹಿಂದಿನ ಬೆಂಚಿನಲ್ಲೂ ಇರುತ್ತಾರೆ. ವಿನ್ಸೆಂಟ್ ದಿ ಪಾವ್ಲ್ ಘಟಕಗಳು ಮನೆ ಭೇಟಿಗೆ ಹೋಗುವಾಗ ಅಕ್ಕಿ ಚೀಲದ ಜೊತೆಗೆ ಒಂದು ಪ್ರಶ್ನೆಯನ್ನೂ ಒಯ್ಯಬಹುದು: ನಿಮ್ಮ ಊರಿನ ಕಾರ್ಡ್ ಇದೆಯೇ, ಅದಕ್ಕೆ ಆಧಾರ್ ಜೋಡಿಸಿದ್ದೀರಾ? ಹಿಂದಿ ಬಲ್ಲ ಕಾಲೇಜು ಮಕ್ಕಳನ್ನು ಯುವ ಸಂಘಟನೆಯಿಂದ ಕರೆದುಕೊಳ್ಳಬಹುದು. ಈ ಮಳೆಗಾಲ ಮುಗಿದ ಮೇಲೆ ತನ್ನ ವಾಳೆಯಿಂದಲೇ ಆರಂಭಿಸುತ್ತೇನೆಂದು ವಿದ್ಯಾರ್ಥಿನಿ ಧರ್ಮಗುರುಗಳಲ್ಲಿ ಹೇಳಿದ್ದಾಳೆ. ಜೊತೆಗೆ ಇಬ್ಬರು ಬೇಕಂತೆ.